ಸ್ಪಷ್ಟನೆ: ಕಲ್ಲಿನ ಕೊಡಲಿಗೆ ಕಾರ್ಬನ್ ಡೇಟಿಂಗ್ ಆಗದು

‘ಮ್ಯೂಸಿಯಂ ತಜ್ಞರು ಕಲ್ಲಿನ ಕೊಡಲಿಯ ಚೂರನ್ನು ಕಾರ್ಬನ್ ಡೇಟಿಂಗ್ ಮಾಡಿ 2 ಲಕ್ಷ ವರ್ಷ ಹಳೆಯದು ಎಂದು ಹೇಳಬಲ್ಲರು’ ಎಂಬ ಸಂದೇಶ ಹರಿದಾಡುತ್ತಿದೆ. ಇದು ತಪ್ಪು, ಅದೂ ಎರಡೆರಡು ಕಡೆ.

ಕಾರ್ಬನ್ ಡೇಟಿಂಗ್, ಅಂದರೆ ಉಳಿದಿರುವ ಇಂಗಾಲವನ್ನು (ಕಾರ್ಬನ್) ಅಳೆದು ವಯಸ್ಸು ಲೆಕ್ಕ ಹಾಕುವ ವಿಧಾನ, ನಡೆಯುವುದು ಒಮ್ಮೆ ಜೀವವಿದ್ದ ವಸ್ತುಗಳ ಮೇಲೆ: ಇದ್ದಿಲು, ಎಲುಬು, ಬೀಜ, ಮರ. ಅವುಗಳಲ್ಲಿನ ಕಾರ್ಬನ್-14 (ಇಂಗಾಲದ ವಿಕಿರಣಶೀಲ ರೂಪ) ಜೀವ ಹೋದ ಮೇಲೆ ಸುಮಾರು 5,730 ವರ್ಷಕ್ಕೊಮ್ಮೆ ಅರ್ಧಕ್ಕಿಳಿಯುತ್ತದೆ. 50,000 ವರ್ಷದಾಚೆ ಅಳೆಯುವಷ್ಟು ಉಳಿಯುವುದೇ ಇಲ್ಲ. ಕಲ್ಲನ್ನು ಬೇರೆ ವಿಧಾನದಲ್ಲಿ ಅಳೆದರೂ ಸಾಮಾನ್ಯವಾಗಿ ಸಿಗುವುದು ಬಂಡೆ ಹುಟ್ಟಿದ ಕಾಲ, ಕೊಡಲಿ ಕೆತ್ತಿದ ಕಾಲವಲ್ಲ.

ಹಾಗಾಗಿ ಕೊಡಲಿ ಸಿಕ್ಕ ಮಣ್ಣಿನ ಪದರದಲ್ಲೇ ಇರುವ ಇದ್ದಿಲನ್ನೋ ಬೀಜವನ್ನೋ ಪರೀಕ್ಷಿಸುತ್ತಾರೆ. ಬೀಜವೇ ಲೇಸು. ದೊಡ್ಡ ಮರದ ತಿರುಳು ಮರ ಕಡಿಯುವುದಕ್ಕಿಂತ ಬಹಳ ಹಿಂದೆ ಬೆಳೆದದ್ದು; ಅದರ ಇದ್ದಿಲಾದರೆ ಕಾಲ ನೂರಾರು ವರ್ಷ ಹಿಂದಕ್ಕೆ ಜಾರಬಹುದು. ಸಂಗ್ರಹದಲ್ಲಿದ್ದ ಎಲುಬಿಗೆ ಹಿಂದೆಂದೋ ಬಳಿದ ಅಂಟು ಇನ್ನೊಂದು ತಲೆನೋವು: ಪೆಟ್ರೋಲಿಯಂ ಮೂಲದ್ದಾದರೆ ವಯಸ್ಸು ಹೆಚ್ಚಾಗಿ ಕಾಣುತ್ತದೆ, ಪ್ರಾಣಿಜನ್ಯವಾದರೆ ಕಡಿಮೆಯಾಗಿ. ಮಾದರಿಯನ್ನು ಅಲ್ಯೂಮಿನಿಯಂ ಹಾಳೆಯಲ್ಲಿ ಸುತ್ತಿಡಬೇಕು, ಹತ್ತಿಯಲ್ಲಲ್ಲ (ಹತ್ತಿಯಲ್ಲಿರುವುದೂ ಇಂಗಾಲವೇ!).

ಆ ಸಂದೇಶವನ್ನು ದಯವಿಟ್ಟು ಫಾರ್ವರ್ಡ್ ಮಾಡಬೇಡಿ. ಈಗಾಗಲೇ ಕಳಿಸಿದ್ದರೆ ಅದೇ ಗುಂಪಿಗೆ ಈ ತಿದ್ದುಪಡಿಯನ್ನೂ ಹಾಕಿ.