ಮತ್ತೆ ಮತ್ತೆ ಹೂ ಬಿಡುವ ಗುಲಾಬಿಗೆ ಇಂಗ್ಲೆಂಡಿನ ಪಂಚಾಂಗ ಒಗ್ಗದು

ಇಂಗ್ಲೆಂಡಿನ ಹಿತ್ತಲುಗಳಲ್ಲಿ ಜೂನ್‌ನಿಂದ ಅಕ್ಟೋಬರ್‌ವರೆಗೆ ಹೂ ಕೊಡುವ ಪೊದೆ ಗುಲಾಬಿ ನೋಡಿದ ನಮ್ಮವರು ಊರಿಗೆ ಹೋದಾಗ ಅಲ್ಲೂ ಅದೇ ಕ್ರಮ ಹೇಳಿಕೊಡುತ್ತಾರೆ: ಫೆಬ್ರವರಿ ಕೊನೆಗೆ ಸವರಿ, ಕಸಿಗಂಟನ್ನು, ಅಂದರೆ ಬೇರಿನ ಗಿಡಕ್ಕೆ ಹೂವಿನ ತಳಿಯನ್ನು ಕೂಡಿಸಿದ ಗಂಟನ್ನು, ಮಣ್ಣಿನೊಳಗೆ ಹೂಳಿ. ಬೆಂಗಳೂರು, ಮೈಸೂರಿನ ಗಿಡಕ್ಕೆ ಇವೆರಡೂ ಕೆಡುಕೇ. ಇಂಗ್ಲೆಂಡಿನಿಂದ ಕಲಿಯಬೇಕಾದದ್ದು ತಿಂಗಳುಗಳ ಲೆಕ್ಕವನ್ನಲ್ಲ, ಕತ್ತರಿ ಹಿಡಿಯುವ ರೀತಿಯನ್ನು.

ಯೂರೋಪಿನ ಹಳೆಯ ಗುಲಾಬಿಗಳಲ್ಲಿ ಹೆಚ್ಚಿನವು ಬೇಸಿಗೆಯಲ್ಲಿ ಒಮ್ಮೆ ಹೂ ಬಿಟ್ಟು ಮುಗಿಸುತ್ತಿದ್ದವು. ಮರಳಿ ಹೂ ಬಿಡುವ ಗುಣ ಅಲ್ಲಿ ಬಲವಾಗಿ ಬೇರೂರಿದ್ದು 18ನೇ ಶತಮಾನದ ಕೊನೆಯ ಹೊತ್ತಿಗೆ ಹಡಗು ಹತ್ತಿ ಬಂದ ಚೀನಾ ಗುಲಾಬಿಗಳಿಂದ. ಕೆಲವು ಕಲ್ಕತ್ತೆಯ ದಾರಿಯಲ್ಲಿ ಬಂದದ್ದರಿಂದ ಫ್ರೆಂಚರು ಅವನ್ನು ಬಂಗಾಳದ ಗುಲಾಬಿ ಎಂದೇ ಕರೆದರು. ಬೆಚ್ಚನೆಯ ಸೀಮೆಯ ಗುಣವದು. ಇಂಗ್ಲೆಂಡಿನಲ್ಲಿ ಚಳಿಯೇ ಗಿಡವನ್ನು ಮಲಗಿಸುತ್ತದೆ. ಬೆಂಗಳೂರಿನಲ್ಲಿ ಅದು ಮಲಗುವುದೇ ಇಲ್ಲ, ಬಿಡುವನ್ನು ನಾವೇ ಕತ್ತರಿಯಿಂದ ಕೊಡಬೇಕು.

ಎರಡೂ ಕಡೆ ಬೆಳೆಯುವ ಐಸ್‌ಬರ್ಗನ್ನೇ ತೆಗೆದುಕೊಳ್ಳಿ. ಜರ್ಮನಿಯ ಗುಲಾಬಿ ತಳಿ ಸಂಸ್ಥೆ ಕೋರ್ಡೆಸ್ 1958ರಲ್ಲಿ ಹೊರತಂದ ಈ ಬಿಳಿ ಗುಲಾಬಿ ಲೆಕ್ಕಕ್ಕೆ ಫ್ಲೋರಿಬಂಡಾ (ಗೊಂಚಲಾಗಿ ಹೂ ಬಿಡುವ ವರ್ಗ), ಬೆಳೆಯಲು ಬಿಟ್ಟರೆ ನಾಲ್ಕಡಿ ಪೊದೆ. ನಮ್ಮಲ್ಲಿ ಇದನ್ನೂ, ಕಾಂಡಕ್ಕೊಂದು ದೊಡ್ಡ ಹೂ ಬಿಡುವ ಹೈಬ್ರಿಡ್ ಟೀ ಗುಲಾಬಿಯಂತೆ ಒಂದಡಿಗೆ ಕಡಿದುಬಿಡುತ್ತಾರೆ. ಗಿಡ ಕೂಡಿಟ್ಟ ಆಹಾರ ದಪ್ಪ ಕಾಂಡಗಳಲ್ಲಿರುತ್ತದೆ, ಹೂಗೊಂಚಲು ಬರುವುದು ಅವುಗಳ ಪಕ್ಕದ ಕುಡಿಗಳಲ್ಲಿ. ಎತ್ತರದ ಮೂರನೇ ಒಂದು ಪಾಲು ತೆಗೆದರೆ ಸಾಕು. ಮೊದಲು ಒಣಗಿದ್ದು, ಆಮೇಲೆ ಒಂದಕ್ಕೊಂದು ಉಜ್ಜುವ ಕೊಂಬೆ, ಆಮೇಲೆ ಪೆನ್ಸಿಲ್‌ಗಿಂತ ಸಣ್ಣ ಕಡ್ಡಿ. ಮೂರು ವರ್ಷ ದಾಟಿದ ಗಿಡದಲ್ಲಿ ಅತಿ ಹಳೆಯ ಕಾಂಡವೊಂದನ್ನು ಬುಡಕ್ಕೇ ತೆಗೆಯಿರಿ, ಹೊಸದು ಅಲ್ಲಿಂದಲೇ ಏಳುತ್ತದೆ. ಹೊರಮುಖದ ಕಣ್ಣಿನಿಂದ (ಚಿಗುರೊಡೆಯುವ ಮೊಗ್ಗಿನಿಂದ) ಅರ್ಧ ಸೆಂಟಿಮೀಟರ್ ಮೇಲೆ ಓರೆಯಾಗಿ ಕತ್ತರಿಸಿ ತಿರುಳು ನೋಡಿ. ಬೆಳ್ಳಗಿದ್ದರೆ ಸರಿ. ಕಂದು ಬಣ್ಣವಿದ್ದರೆ ತುದಿಯೊಣಗು ರೋಗ ಒಳಗಿಳಿದಿದೆ, ಬಿಳಿ ತಿರುಳು ಸಿಗುವವರೆಗೆ ಕೆಳಗೆ ಹೋಗಬೇಕು. ಗಾಯಕ್ಕೆ ಬೋರ್ಡೋ ಮುಲಾಮು (ಮೈಲುತುತ್ತ, ಸುಣ್ಣದ ಲೇಪ) ಹಚ್ಚಿ, ಕತ್ತರಿಯನ್ನು ಸ್ಪಿರಿಟ್‌ನಲ್ಲಿ ಒರೆಸಿ.

ಬೆಂಗಳೂರಿನಲ್ಲಿ ಇದಕ್ಕೆ ಕಾಲ ಮಳೆ ಹಿಂದೆಗೆದ ಮೇಲೆ, ಅಕ್ಟೋಬರ್ ಕೊನೆಯಿಂದ ನವೆಂಬರ್. ಆರೇಳು ವಾರಕ್ಕೆ ಹೂ. ಜೂನ್‌ನಲ್ಲಿ ಇನ್ನೊಮ್ಮೆ ಹಗುರವಾಗಿ ತುದಿ ಸವರಿದರಾಯಿತು. ಫೆಬ್ರವರಿ ಕೊನೆಗೆ ಸವರಿದರೆ ಎಳೆ ಚಿಗುರು ನೇರ ಮಾರ್ಚ್-ಏಪ್ರಿಲ್ ಬಿಸಿಲಿಗೂ ಥ್ರಿಪ್ಸ್ ನುಸಿಗೂ ಸಿಕ್ಕಿ, ಮೊಗ್ಗಿನ ಅಂಚು ಸುಟ್ಟಂತಾಗಿ ಅರಳದೆ ನಿಲ್ಲುತ್ತದೆ. ಬುಡ ಬಿಡಿಸಿ ಬೇರನ್ನು ಬಿಸಿಲಿಗೊಡ್ಡುವ ಹಳೆಯ ಪದ್ಧತಿಯನ್ನು ಈಗಲೂ ಹೇಳುವವರಿದ್ದಾರೆ. ನಾನು ಒಪ್ಪುವುದಿಲ್ಲ. ಆಹಾರ ಹೀರುವ ಸಣ್ಣ ಬೇರುಗಳು ಸಾಯುತ್ತವೆ, ಪೊದೆ ಗುಲಾಬಿಗೆ ಅದರಿಂದ ಲಾಭವಿಲ್ಲ.

ಇಂಗ್ಲೆಂಡಿನವರಿಂದ ನಿಜಕ್ಕೂ ಕಲಿಯಬೇಕಾದದ್ದು ಬಾಡಿದ ಹೂ ತೆಗೆಯುವ ನಿಷ್ಠೆ. ಹೂವಿನ ಬುಡ ಉಬ್ಬಿ ಕಾಯಿ ಕಟ್ಟತೊಡಗಿದರೆ ಗಿಡದ ಬಲವೆಲ್ಲ ಬೀಜಕ್ಕೆ ಹೋಗಿ ಮುಂದಿನ ಹೂ ತಡವಾಗುತ್ತದೆ. ಗೊಂಚಲಿನ ನಡುವಿನ ಹೂ ಮೊದಲು ಬಾಡುತ್ತದೆ, ಅದನ್ನಷ್ಟೇ ಚಿವುಟಿ. ಇಡೀ ಗೊಂಚಲು ಮುಗಿದಾಗ ಅದರ ಕೆಳಗಿನ ಮೊದಲ ಪೂರ್ಣ ಎಲೆಯ ಮೇಲೆ ಕತ್ತರಿಸಿ. ದೇವರಿಗೆಂದು ದಿನವೂ ಹೂ ಕೊಯ್ಯುವ ಮನೆಗಳಲ್ಲಿ ಗಿಡ ಬಿಡುವಿಲ್ಲದೆ ಹೂ ಕೊಡುವುದಕ್ಕೂ ಇದೇ ಕಾರಣ.

ಕಸಿಗಂಟಿನ ವಿಷಯದಲ್ಲಿ ಮಾತ್ರ ಇಂಗ್ಲೆಂಡಿನವರನ್ನು ಅನುಸರಿಸಬೇಡಿ. ಅವರು 5 ಸೆಂಟಿಮೀಟರ್ ಆಳಕ್ಕೆ ಹೂಳುವುದು ಹಿಮದಿಂದ ಕಾಪಾಡಲು, ಗಾಳಿಗೆ ಗಿಡ ಅಲುಗಾಡದಿರಲು. ನಮ್ಮ ಮಳೆಗಾಲದಲ್ಲಿ ಹೂತ ಗಂಟು ಕೊಳೆಯುವ ಅಪಾಯವಿದೆ, ಗೆದ್ದಲೂ ಹತ್ತುತ್ತದೆ. ಮಣ್ಣಿನಿಂದ ಎರಡು ಇಂಚು ಮೇಲಿರಲಿ. ಗಂಟಿನ ಕೆಳಗೆ ಬಂದ ಚಿಗುರನ್ನು ಕತ್ತರಿಸದೆ ಬುಡದಿಂದ ಕಿತ್ತುಹಾಕಿ. ಒಂದು ಎಲೆಯಲ್ಲಿ ಏಳು ಕಿರುಎಲೆ (ಏಳೆಲೆ) ಇದ್ದರೆ ಅದು ಬೇರಿನ ಗಿಡದ ಕಾಡು ಚಿಗುರು ಎಂಬ ಮಾತು ನಂಬಬೇಡಿ, ಪೊದೆ ಗುಲಾಬಿಗಳಲ್ಲೂ ಏಳೆಲೆ ಬರುತ್ತದೆ. ಅದು ಎಲ್ಲಿಂದ ಹೊರಟಿದೆ ಎಂಬುದನ್ನು ಮಣ್ಣು ಸರಿಸಿ ನೋಡುವುದೇ ಸರಿ.

ಗೊಬ್ಬರದ ಲೆಕ್ಕವೂ ಬೇರೆ. ಇಂಗ್ಲೆಂಡಿನಲ್ಲಿ ಆಗಸ್ಟ್ ದಾಟಿದರೆ ನಿಲ್ಲಿಸುತ್ತಾರೆ, ಎಳೆ ಚಿಗುರು ಹಿಮಕ್ಕೆ ಕರಟುತ್ತದೆ. ನಮ್ಮಲ್ಲಿ ಪ್ರತಿ ಸುತ್ತಿನ ಹೂ ಮುಗಿದ ಮೇಲೆ ನಾಲ್ಕೈದು ಹಿಡಿ ಕಳಿತ ಕೊಟ್ಟಿಗೆ ಗೊಬ್ಬರ, 100 ಗ್ರಾಂ ಬೇವಿನ ಹಿಂಡಿ, ಮೇಲೆ ಎರಡು ಇಂಚು ಒಣ ಎಲೆಯ ಹೊದಿಕೆ. ನೀರು ಬೆಳಿಗ್ಗೆ, ಬುಡಕ್ಕೆ ಮಾತ್ರ. ಎಲೆ ಏಳೆಂಟು ಗಂಟೆ ಒದ್ದೆಯಿದ್ದರೆ ಕಪ್ಪುಚುಕ್ಕೆ ರೋಗ ಹಿಡಿಯುತ್ತದೆ. ಬೋರ್‌ವೆಲ್ಲಿನ ಗಡುಸು ನೀರಿದ್ದಲ್ಲಿ ಎಳೆ ಎಲೆ ಹಳದಿಯಾಗಿ ನರಗಳಷ್ಟೇ ಹಸಿರಾಗಿ ಉಳಿಯುತ್ತವೆ. ಅದನ್ನು ಕಂಡು ಯೂರಿಯಾ ಸುರಿಯಬೇಡಿ. ಮಣ್ಣಿನ ಕ್ಷಾರ ಹೆಚ್ಚಿ ಕಬ್ಬಿಣ ಬೇರಿಗೆ ಸಿಗುತ್ತಿಲ್ಲವೆಂಬ ಸೂಚನೆಯದು. ಹಿಡಿದಿಟ್ಟ ಮಳೆನೀರು ಹಾಕಿ, ಚೀಲೇಟೆಡ್ ಕಬ್ಬಿಣ (ಗಿಡ ಸುಲಭವಾಗಿ ಹೀರುವ ರೂಪದ ಕಬ್ಬಿಣ) ಸಿಂಪಡಿಸಿ. ಹಳದಿಯಾದ ಹಳೆಯ ಎಲೆ ಹಸಿರಾಗದಿದ್ದರೂ ಚಿಂತೆಯಿಲ್ಲ, ಹೊಸ ಚಿಗುರಿನ ಬಣ್ಣ ನೋಡಿ.