ಬರೀ ಉಪ್ಪಲ್ಲಿ ಸುಟ್ಟ ಬಂಗ್ಡೆ

ಜಪಾನಿನ ಯೊಕೊಹಾಮಾಕ್ಕೆ ಬಂದು ಒಂಬತ್ತು ವರ್ಷ ಆಯ್ತು. ಊರು ಕುಂದಾಪುರದ ಹತ್ರ, ಗಂಗೊಳ್ಳಿ ಬಂದರಿಂದ ಬೆಳಿಗ್ಗೆ ಬಂದ ಮೀನು ಮಧ್ಯಾಹ್ನ ಊಟಕ್ಕೆ ಬಟ್ಟಲಲ್ಲಿ ಇರ್ತಿದ್ದ ಮನೆಯಲ್ಲಿ ಬೆಳೆದವನು ನಾನು, ಹಾಗಾಗಿ ಮೀನಿನ ವಿಷಯದಲ್ಲಿ ನಮಗೆ ಯಾರೂ ಹೇಳಿಕೊಡೋದು ಬೇಡ ಅಂತಾನೇ ಅಂದ್ಕೊಂಡಿದ್ದೆ. ಈಗ ಹಾಗೆ ಅನ್ಸಲ್ಲ. ಇಲ್ಲಿ ಶಿಯೋಯಾಕಿ ಅಂತ ಮಾಡ್ತಾರೆ, ಶಿಯೋ ಅಂದ್ರೆ ಉಪ್ಪು, ಯಾಕಿ ಅಂದ್ರೆ ಸುಟ್ಟಿದ್ದು. ಅದನ್ನ ಮನೇಲಿ ಸರಿಯಾಗಿ ಮಾಡೋಕೆ ಕಲಿಯೋಕೆ ನನಗೆ ಎರಡು ವರ್ಷ ಹಿಡೀತು.

ಊರವರಿಗೆ ಹೇಳಿದ್ರೆ ನಂಬಲ್ಲ. ಉಪ್ಪು ಹಾಕಿ ಸುಡೋದಕ್ಕೆ ಕಲಿಯೋದು ಎಂತ ಉಂಟು ಅಂತಾರೆ. ನಾನೂ ಹಾಗೇ ಅಂದ್ಕೊಂಡು ಮೊದಲ ಸಲ ಸಬಾ ಅನ್ನೋ ಮೀನು ತಗೊಂಡು ಬಂದೆ, ನಮ್ಮ ಬಂಗ್ಡೆಯ ದೊಡ್ಡಣ್ಣ ಅನ್ನಿ, ತೊಳೆದು ಉಪ್ಪು ಸವರಿ ತಕ್ಷಣ ಒಲೆಗೆ ಇಟ್ಟೆ. ಮೀನು ನೀರು ಬಿಟ್ಕೊಂಡು ಬೆಂತು, ಸುಡಲಿಲ್ಲ, ಸಿಪ್ಪೆ ಎಲ್ಲ ಜಾಲರಿಗೆ ಅಂಟ್ಕೊಂಡು ಹರಿದು ಬಂತು, ಮನೆ ತುಂಬ ವಾಸನೆ, ಬಾಯಿಗಿಟ್ರೆ ಹೊರಗೆ ಉಪ್ಪು ಒಳಗೆ ಸಪ್ಪೆ. ಆ ದಿನ ಉಳಿದ ಮೀನಿಗೆ ಮೆಣಸಿನ ಪುಡಿ ಹುಳಿ ಹಾಕಿ ಸಾರು ಮಾಡಿ ಊಟ ಮುಗಿಸಿದೆ.

ತಪ್ಪಾಗಿದ್ದು ಉಪ್ಪಲ್ಲ, ಹೊತ್ತು. ಮೀನಿನ ತೂಕದ ಶೇಕಡಾ 2ರಷ್ಟು ಉಪ್ಪು ಅನ್ನೋದು ಇಲ್ಲಿಯ ಸಾಮಾನ್ಯ ಲೆಕ್ಕ, ಅಂದ್ರೆ 400 ಗ್ರಾಂ ಮೀನಿಗೆ 8 ಗ್ರಾಂ. ಅದನ್ನ ಸವರಬಾರದು, ಉದುರಿಸಬೇಕು, ಅದೂ ಸುಮಾರು 30 ಸೆಂಟಿಮೀಟರ್ ಮೇಲಿಂದ, ಆವಾಗ ಎಲ್ಲಾ ಕಡೆ ಸಮ ಬೀಳುತ್ತೆ. ಆಮೇಲೆ ಸುಮ್ನೆ ಬಿಡಬೇಕು, ಸಬಾದಂಥ ಕೊಬ್ಬಿನ ಮೀನಿಗೆ 20ರಿಂದ 30 ನಿಮಿಷ, ಚಿಕ್ಕ ಮೀನಿಗೆ ಅದಕ್ಕಿಂತ ಕಡಿಮೆ. ಈ ಹೊತ್ತಲ್ಲಿ ನೀವು ಒಂದ್ಸಲ ಹತ್ರದಿಂದ ನೋಡಬೇಕು: ಮೊದಲು ಉಪ್ಪಿನ ಹರಳು ಹಾಗೇ ಕೂತಿರುತ್ತೆ, ಐದು ನಿಮಿಷಕ್ಕೆ ಒಂದೊಂದೇ ಕರಗಿ ಕಾಣೆಯಾಗುತ್ತೆ, ಹತ್ತು ಹದಿನೈದು ನಿಮಿಷಕ್ಕೆ ನೀಲಿ ಸಿಪ್ಪೆ ಮೇಲೆ ಬೆವರಿನ ಹಾಗೆ ಹನಿ ಮೂಡುತ್ತೆ, ಕೊನೆಗೆ ತಟ್ಟೆ ಅಡಿಯಲ್ಲಿ ಮಬ್ಬು ನೀರು ನಿಲ್ಲುತ್ತೆ. ಮೀನಿನ ವಾಸನೆ ಎಷ್ಟೋ ಪಾಲು ಆ ನೀರಲ್ಲೇ ಹೊರಗೆ ಬಂದಿರುತ್ತೆ. ಆ ನೀರನ್ನ ಪೇಪರಲ್ಲಿ ಒತ್ತಿ ಒತ್ತಿ ಒರೆಸಬೇಕು, ನಾನು ಬಿಟ್ಟಿದ್ದು ಇದನ್ನೇ. ಒರೆಸಿ ಒಣಗಿದ ಮೀನಿನ ಸಿಪ್ಪೆಗೆ ಚಾಕುವಲ್ಲಿ ಒಂದೆರಡು ಗೀರು ಹಾಕಿ, ಬಾಲಕ್ಕೂ ರೆಕ್ಕೆಗೂ ಒಂದು ಚಿಟಿಕೆ ಉಪ್ಪು ಮೆತ್ತಿ (ಅದು ಸೀದು ಕರಕಾಗದೆ ಇರಲಿ ಅಂತ), ಆಮೇಲೆ ಬೆಂಕಿ.

ಬೆಂಕಿಗೆ ಇಲ್ಲಿ ಮನೆ ಮನೆಯಲ್ಲಿ ಒಂದು ವ್ಯವಸ್ಥೆ ಇದೆ, ಗ್ಯಾಸ್ ಒಲೆ ಕೆಳಗೆ ಡ್ರಾಯರ್ ಥರ ಎಳೆಯೋ ಮೀನಿನ ಗ್ರಿಲ್. ನನ್ನ ಮನೇದು ಮೇಲಿಂದ ಮಾತ್ರ ಉರಿ ಬರೋ ಹಳೇದು, ತಟ್ಟೆಗೆ ನೀರು ಹಾಕಬೇಕು, ಎರಡು ಮೂರು ನಿಮಿಷ ಖಾಲಿ ಕಾಯಿಸಬೇಕು, ಜಾಲರಿಗೆ ಸ್ವಲ್ಪ ವಿನೆಗರ್ ಸವರಿದ್ರೆ ಸಿಪ್ಪೆ ಅಂಟಲ್ಲ. ಇದ್ದಿಲಲ್ಲಿ ಸುಡೋರು ಹೇಳೋದು ಉರಿ ಜೋರಾಗಿರಬೇಕು ಆದ್ರೆ ದೂರದಲ್ಲಿರಬೇಕು ಅಂತ, ಡ್ರಾಯರಲ್ಲಿ ದೂರ ಎಲ್ಲಿಂದ ಬರುತ್ತೆ, ಸೀಯ್ತಿದೆ ಅನ್ಸಿದ್ರೆ ಬಾಲದ ಮೇಲೆ ಫಾಯಿಲ್ ಮುಚ್ಚೋದಷ್ಟೇ. ಅರ್ಧ ಸೀಳಿದ ಸಬಾ ತುಂಡಾದ್ರೆ ಹತ್ತು ನಿಮಿಷದ ಒಳಗೆ ಆಗುತ್ತೆ. ಒಂದ್ಸಲ ಇದೇ ಗ್ರಿಲ್ಲಲ್ಲಿ ನಮ್ಮ ಮಸಾಲೆ ಮೆತ್ತಿದ ಮೀನು ಇಟ್ಟು ನೋಡಿದ್ದೀನಿ, ಮೇಲಿನ ಉರಿಗೆ ಮಸಾಲೆ ಕಪ್ಪಾಗಿ ಕಹಿ ಆಗುತ್ತೆ, ಒಳಗೆ ಮೀನು ಹಸಿ. ನಮ್ಮ ಮಸಾಲೆಗೆ ಕಾವಲಿ, ತೆಂಗಿನೆಣ್ಣೆ, ಸಣ್ಣ ಉರಿಯೇ ಬೇಕು.

ಈಗ ನಮ್ಮ ದಾರಿ ಯೋಚನೆ ಮಾಡಿ. ಬ್ಯಾಡಗಿ ಮೆಣಸು, ಕೊತ್ತಂಬರಿ, ಅರಿಶಿಣ, ಹುಣಸೆಹುಳಿ ಅರೆದು ಮೆತ್ತಿ ಅರ್ಧ ಗಂಟೆ ಇಡ್ತೀವಿ. ಅಲ್ಲಿ ವಾಸನೆ ಕಟ್ಟಿಹಾಕೋದು ಹುಳಿ. ಮೀನಿನ ವಾಸನೆಯ ಅಂಶ ಕ್ಷಾರದ ಜಾತಿಯದ್ದು, ಹುಳಿ ತಾಗಿದ್ರೆ ಗಾಳಿಗೆ ಏಳಲ್ಲ. ಜಪಾನಿನವರು ನೀರಿನ ಜೊತೆ ಹೊರಗೆ ಎಳೀತಾರೆ, ನಾವು ಹುಳಿ ಕೊಟ್ಟು ಒಳಗೇ ಕೂರಿಸ್ತೀವಿ. ಇವರೂ ಕೊನೆಗೆ ಸುದಾಚಿ ಅಂತ ಒಂದು ಪುಟ್ಟ ಹಸಿರು ನಿಂಬೆ ಹಿಂಡ್ತಾರೆ, ಪಕ್ಕದಲ್ಲಿ ಮೂಲಂಗಿ ತುರಿ ಇಟ್ಟು ಅದಕ್ಕೆ ನಾಲ್ಕು ಹನಿ ಸೋಯಾ ಸಾಸ್ ಬಿಡ್ತಾರೆ. ನಮ್ಮಲ್ಲಿ ಈರುಳ್ಳಿ ನಿಂಬೆಹಣ್ಣು ಇಟ್ಟ ಹಾಗೇ.

ಇಷ್ಟು ಹೇಳಿ ಶಿಯೋಯಾಕಿಯೇ ದೊಡ್ಡದು, ಮಸಾಲೆ ಮೀನಿನ ರುಚಿ ಮುಚ್ಚುತ್ತೆ ಅನ್ನೋ ಪೈಕಿ ಅಲ್ಲ ನಾನು. ಹಾಗೆ ಮಾತಾಡೋ ಹೊರನಾಡ ಕನ್ನಡಿಗರನ್ನ ಕಂಡ್ರೆ ನನಗೆ ಬೇಜಾರಾಗುತ್ತೆ. ಇಲ್ಲಿಯ ಸಮುದ್ರ ತಣ್ಣಗೆ, ಶರತ್ಕಾಲಕ್ಕೆ ಸಬಾ ಮೈತುಂಬ ಕೊಬ್ಬು ಕಟ್ಟುತ್ತೆ, ಆ ಕಾಲದ ಸಬಾ ಸೊಸೆಗೆ ಕೊಡಬೇಡ ಅಂತ ಇಲ್ಲಿಯ ಅತ್ತೆಯರ ಹೆಸರಲ್ಲಿ ಒಂದು ಗಾದೆಯೇ ಇದೆ. ಅಂಗಡಿಯಲ್ಲಿ ಸಿಗೋ ಸಬಾದಲ್ಲಿ ಎಷ್ಟೋ ನಾರ್ವೆಯಿಂದ ಬಂದದ್ದು, ಅದರಲ್ಲಿ ಕೊಬ್ಬು ಇನ್ನೂ ಜಾಸ್ತಿ. ಉರಿಗೆ ಹಿಡಿದ್ರೆ ತನ್ನ ಎಣ್ಣೆಯಲ್ಲೇ ತಾನು ಹುರೀತದೆ, ಅದಕ್ಕೆ ಉಪ್ಪು ಸಾಕು. ನಮ್ಮ ಬಂಗ್ಡೆ ಬೆಚ್ಚಗಿನ ನೀರಿನ ಮೀನು, ಜಾತಿಯೇ ಬೇರೆ, ಅಷ್ಟು ಕೊಬ್ಬು ಅದರಲ್ಲಿರಲ್ಲ. ಅದಕ್ಕೆ ಮಸಾಲೆ ಎಣ್ಣೆ ಕೊಟ್ಟ ನಮ್ಮ ಅಜ್ಜಿಯಂದಿರು ಮೀನು ನೋಡೇ ಕೊಟ್ಟದ್ದು.

ನನ್ನ ತಕರಾರು ಬೇರೆ. ಈಗ ನಾವು ಎಲ್ಲಾ ಮೀನಿಗೂ ಒಂದೇ ಮಸಾಲೆ ಹಾಕ್ತಿದ್ದೀವಿ. ಮಳೆ ಮುಗಿದ ಮೇಲೆ ಬರೋ ಬೂತಾಯಿ ಮೀನು ನೋಡಿ, ಕೈಯಲ್ಲಿ ಹಿಡಿದ್ರೆ ಎಣ್ಣೆ ಹತ್ತುತ್ತೆ, ಅದಕ್ಕೂ ಪ್ಯಾಕೆಟ್ ಮಸಾಲೆ, ರವೆ, ಡೀಪ್ ಫ್ರೈ. ಹೋಟೆಲಲ್ಲಿ ಕೂತು ಮಸಾಲೆ ಚೆನ್ನಾಗಿದೆ ಅಂತೀವಿ, ಮೀನು ಹೇಗಿತ್ತು ಅಂತ ಯಾರೂ ಕೇಳಲ್ಲ. ಇಲ್ಲಿ ಶಿಯೋಯಾಕಿ ತಿನ್ನುವಾಗ ಮಾತೆಲ್ಲ ಮೀನಿನ ಮೇಲೆ, ಕೊಬ್ಬು ಬಂದಿದೆ, ಇನ್ನೂ ಬಂದಿಲ್ಲ, ಎಲ್ಲಿಯದು ಅಂತ. ಸನ್ಮಾ ಅಂತ ಉದ್ದದ, ಕತ್ತಿಯಂಥ ಮೀನಿದೆ, ಹೊಟ್ಟೆ ಕ್ಲೀನ್ ಮಾಡದೆ ಇಡಿಯಾಗಿ ಸುಡ್ತಾರೆ, ಕರುಳಿನ ಕಹಿಯನ್ನೂ ಬಿಡಲ್ಲ. ಒಂದು ಕಾಲಕ್ಕೆ ಬಡವರ ಮೀನು ಅದು. 2008ರಲ್ಲಿ 3 ಲಕ್ಷ ಟನ್ನಿಗೂ ಮೇಲೆ ಹಿಡಿದಿದ್ರು, 2022ರಲ್ಲಿ 20 ಸಾವಿರ ಟನ್ನೂ ಸಿಗಲಿಲ್ಲ. ಸಿಕ್ಕ ಸನ್ಮಾ ಸಣಕಲಾಗಿದ್ರೆ ಉಪ್ಪಲ್ಲಿ ಸುಟ್ಟಾಗ ಅದು ನಾಲಿಗೆಗೆ ಗೊತ್ತಾಗೇ ಆಗುತ್ತೆ, ಹಾಗಾಗಿ ಸಮುದ್ರಕ್ಕೆ ಏನೋ ಆಗಿದೆ ಅನ್ನೋದು ಇಲ್ಲಿ ಊಟದ ಮೇಜಿನ ಮಾತು. ನಮ್ಮ ಕರಾವಳಿಯಲ್ಲೂ ಬೂತಾಯಿ ಕೆಲವು ವರ್ಷ ಬರಲ್ಲ, ಆದ್ರೆ ಮಸಾಲೆ ರುಚಿ ಬದಲಾಗಲ್ಲ ನೋಡಿ.

ಇನ್ನೊಂದು, ಇದು ನಮಗೆ ಪರದೇಶದ ಅಡುಗೆಯೂ ಅಲ್ಲ. ನನ್ನ ಅಜ್ಜಿ ಬಚ್ಚಲ ಒಲೆಯ ಕೆಂಡ ಹೊರಗೆ ಎಳೆದು ಅದರ ಮೇಲೆ ಬೂತಾಯಿ ಸುಡ್ತಿದ್ರು, ಕಲ್ಲುಪ್ಪು ಬಿಟ್ರೆ ಬೇರೇನಿಲ್ಲ. ಬೋಟ್ ಇಳಿಯದ ಮಳೆಗಾಲದಲ್ಲಿ ಉಪ್ಪು ಹಾಕಿ ಒಣಗಿಸಿದ ಮೀನನ್ನ ಅದೇ ಕೆಂಡದಲ್ಲಿ ಸುಟ್ಟು ಕುಚ್ಚಲಕ್ಕಿ ಗಂಜಿ ಜೊತೆ ಕೊಡ್ತಿದ್ರು. ಗ್ಯಾಸ್ ಬಂತು, ಕೆಂಡ ಹೋಯ್ತು, ಸುಡೋದೂ ಹೋಯ್ತು. ಜಪಾನಿನಲ್ಲೂ ಕೆಂಡ ಹೋಯ್ತು, ಇವರು ಗ್ಯಾಸ್ ಒಲೆ ಒಳಗೇ ಮೀನಿಗೆ ಜಾಗ ಮಾಡ್ಕೊಂಡ್ರು. ಇದನ್ನ ನೋಡಿದ್ರೆ ನಿಜವಾಗಿ ಹೊಟ್ಟೆಕಿಚ್ಚಾಗುತ್ತೆ.

ಹಾಗಂತ ಇವರದ್ದೆಲ್ಲ ಒಪ್ಪೋಕಾಗಲ್ಲ. ತಲೆ ಎಡಕ್ಕೆ, ಹೊಟ್ಟೆ ನಮ್ಮ ಕಡೆಗೆ ಇಟ್ಟು ಬಡಿಸ್ತಾರೆ, ಮೇಲಿನ ಮಗ್ಗುಲು ಮುಗಿದ ಮೇಲೆ ಮೀನು ಮಗುಚಬಾರದು, ಮುಳ್ಳು ಎತ್ತಿ ಕೆಳಗಿನದ್ದು ತಿನ್ನಬೇಕು. ನೋಡೋಕೆ ಚಂದ. ಆದ್ರೆ ಮುಳ್ಳು ಹುಡುಕೋಕೆ ಇವರ ಚಾಪ್‌ಸ್ಟಿಕ್ ಕಡ್ಡಿಗಿಂತ ಬೆರಳು ಮೇಲು, ಇದರಲ್ಲಿ ನಾನು ಬದಲಾಗಲ್ಲ, ನನ್ನ ಮಗಳಿಗೂ ಕೈಯಲ್ಲೇ ತಿನ್ನೋಕೆ ಕಲಿಸಿದ್ದೀನಿ. ಇಲ್ಲಿಯ ಅಂಟಂಟು ಬಿಳಿ ಅನ್ನಕ್ಕಿಂತ ನಮ್ಮ ಕುಚ್ಚಲಕ್ಕಿ ಗಂಜಿಗೇ ಈ ಮೀನು ಜೋಡಿ. ಉಪ್ಪೂ ಅಷ್ಟೇ, ಗೋಕರ್ಣದ ಹತ್ರ ಸಾಣಿಕಟ್ಟಾದಲ್ಲಿ ಬಿಸಿಲಲ್ಲಿ ಮಾಡೋ ಉಪ್ಪು ಊರಿಂದ ತರ್ತೀನಿ. ಒದ್ದೆ ಇರುತ್ತೆ, ಬಾಣಲೆಯಲ್ಲಿ ಹುರಿದು ಕುಟ್ಟಿದ್ರೆ ಮೇಲಿಂದ ಉದುರಿಸೋಕೆ ಸರಿಯಾಗುತ್ತೆ. ಇಲ್ಲಿ ನೋಟೋ ಅನ್ನೋ ಕಡೆ ಕಡಲ ನೀರನ್ನ ಬಕೆಟಲ್ಲಿ ಹೊತ್ತು ಮರಳ ಮೇಲೆ ಚೆಲ್ಲಿ, ಆಮೇಲೆ ಕುದಿಸಿ ಉಪ್ಪು ತೆಗೀತಾರೆ, ಅದೂ ಒಳ್ಳೇದೇ, ಬೆಲೆ ಮಾತ್ರ ಬಹಳ.

ಹೋದ ಅಕ್ಟೋಬರಲ್ಲಿ ಊರಿಗೆ ಹೋದಾಗ ಒಂದು ಜಾಲರಿ ತಗೊಂಡು ಹೋಗಿದ್ದೆ. ಅಂಗಳದಲ್ಲಿ ಮೂರು ಕಲ್ಲಿಟ್ಟು ತೆಂಗಿನ ಗೆರಟೆ ಕೆಂಡ ಮಾಡಿ ಬಂಗ್ಡೆ ಸುಟ್ಟೆ, ಮೊದಲೇ ಅರ್ಧ ಗಂಟೆ ಉಪ್ಪಲ್ಲಿಟ್ಟು ಒರೆಸಿದ್ದೆ. ಅಮ್ಮ ಬಾಗಿಲಲ್ಲೇ ನಿಂತು, "ಎಂತ ಮಗಾ, ಖಾರ ಹಾಕ್ಲಿಲ್ಯಾ? ಬರೀ ಉಪ್ಪಲ್ಲಿ ಮೀನ್ ತಿಂಬುಕ್ ಆತ್ತಾ?" ಅಂದ್ರು. ಬಟ್ಟಲಿಗೆ ಮೊದಲೇ ಒಂದು ಚಮಚ ಉಪ್ಪಿನಕಾಯಿ ಹಾಕ್ಕೊಂಡು ಕೂತ್ರು. ಬೆನ್ನಿನ ಕಡೆ ಒಂದು ಎಸಳು ಬಿಡಿಸಿ ಬಾಯಿಗಿಟ್ಟು ಸ್ವಲ್ಪ ಹೊತ್ತು ಸುಮ್ಮನಿದ್ರು. ಆಮೇಲೆ ಇನ್ನೊಂದು ಎಸಳು. ಉಪ್ಪಿನಕಾಯಿ ಹಾಗೇ ಇತ್ತು. ಮುಳ್ಳು ಬಿಡಿಸ್ತಾ ಬಿಡಿಸ್ತಾ ಕೇಳಿದ್ರು, "ಈ ಬಂಗ್ಡೆ ಯಾರ್ ಹತ್ರ ತಂದದ್ದ್?"