ಸ್ಪಷ್ಟನೆ: ಗ್ನೋಮ್‌ನಲ್ಲೂ ಕೆಡಿಇ ಆ್ಯಪ್ ಓಡುತ್ತದೆ

ಲಿನಕ್ಸ್‌ನಂಥ ಸಿಸ್ಟಂಗಳಲ್ಲಿ ಪರದೆಯ ಮೆನು, ವಿಂಡೋ ನೋಡಿಕೊಳ್ಳುವ ಎರಡು ಡೆಸ್ಕ್‌ಟಾಪ್‌ಗಳು ಗ್ನೋಮ್ ಮತ್ತು ಕೆಡಿಇ. ‘ಗ್ನೋಮ್ ಹಾಕಿಕೊಂಡರೆ ಕೆಡಿಇ ಆ್ಯಪ್‌ಗಳು ನಡೆಯಲ್ಲ’ ಎಂಬ ಮಾತು ಮತ್ತೆ ಓಡಾಡುತ್ತಿದೆ. ಅದು ತಪ್ಪು. ಬೇಕಾದ ಲೈಬ್ರರಿಗಳು (ಆ್ಯಪ್‌ಗಳು ಬಳಸುವ ಸಿದ್ಧ ಕೋಡ್) ಆ್ಯಪ್ ಜೊತೆಗೇ ಇನ್‌ಸ್ಟಾಲ್ ಆಗುತ್ತವೆ. ಡಿಸ್ಕ್‌ನಲ್ಲಿ ಜಾಗ ಸ್ವಲ್ಪ ಜಾಸ್ತಿ ಹೋಗಬಹುದು, ಅಷ್ಟೇ.

2000ನೇ ಇಸವಿಯಲ್ಲಿ ಹ್ಯಾವಕ್ ಪೆನ್ನಿಂಗ್‌ಟನ್ ಶುರು ಮಾಡಿದ ಫ್ರೀಡೆಸ್ಕ್‌ಟಾಪ್ ಯೋಜನೆ ಇರುವುದೇ ಇಂಥ ಹೊಂದಾಣಿಕೆಗೆ. ಕೆಡಿಇಯವರ ಚಿತ್ರ ಬಿಡಿಸುವ ಕ್ರಿಟಾ ಹಾಕಿ ನೋಡಿ. ಅದರ ಜೊತೆ ಬರುವ ಪುಟ್ಟ ಡೆಸ್ಕ್‌ಟಾಪ್ ಫೈಲ್‌ನಲ್ಲಿ ಹೆಸರು, ಐಕಾನ್, ಓಡಿಸುವ ಕಮಾಂಡ್ ಬರೆದಿರುತ್ತದೆ. ಗ್ನೋಮ್ ಓದುವುದೂ ಅದನ್ನೇ, ಕೆಡಿಇ ಓದುವುದೂ ಅದನ್ನೇ. ಕೆಡಿಇಯ ಫೈಲ್ ಮ್ಯಾನೇಜರ್ ಡಾಲ್ಫಿನ್‌ನಲ್ಲಿ ಕಸದಬುಟ್ಟಿಗೆ ಎಸೆದ ಫೈಲ್ ಗ್ನೋಮ್‌ನಲ್ಲೂ ಸಿಗುತ್ತದೆ. ಬುಟ್ಟಿ ಒಂದೇ ಅಲ್ವಾ! ಲಿನಕ್ಸ್ ಅಲ್ಲದ ಫ್ರೀಬಿಎಸ್‌ಡಿ ಆಪರೇಟಿಂಗ್ ಸಿಸ್ಟಂನಲ್ಲೂ ಇದೇ ಕಥೆ.

ಥೀಮ್ ಹೊಂದದೆ ಬಟನ್‌ಗಳು ಬೇರೆ ಥರ ಕಾಣಬಹುದು. ಆ ದೂರು ಮಾತ್ರ ನಿಜ.